ತುಂಬಿದ ಟ್ಯಾಂಕು, ಆರದ ದೀಪ

ತುಂಗಭದ್ರೆಯ ದಂಡೆಯಲ್ಲಿ, ಹೆದ್ದಾರಿಯ ಸೇತುವೆಗೆ ಹತ್ತಿರ, ಒಂದು ಲಾರಿ ಗ್ಯಾರೇಜು. ಅಲ್ಲಿ ಯಾರೂ ಕೂಗಾಡುತ್ತಿರಲಿಲ್ಲ, ಯಾರೂ ಬೀಡಿ ಹಚ್ಚುತ್ತಿರಲಿಲ್ಲ. ಅದಕ್ಕೇ ಡ್ರೈವರುಗಳು ಅದನ್ನು ಆಶ್ರಮ ಎನ್ನುತ್ತಿದ್ದರು.

ಆಶ್ರಮದ ಗುರು ಬಡಿಗೇರ ಮಾಸ್ತರು. ಐಟಿಐಯಲ್ಲಿ ಎಂಜಿನ್ ಪಾಠ ಹೇಳಿ ನಿವೃತ್ತರಾದವರು. ಶಿಷ್ಯ ಕಳಕಪ್ಪ ಅವರ ಕಡೆಯ ತಂಡದ ವಿದ್ಯಾರ್ಥಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಒಂದು ದಿನ ದ್ಯಾಮಣ್ಣ ಎಂಬ ಡ್ರೈವರು ಉಕ್ಕಿನ ಸುರುಳಿ ಹೊತ್ತ ದೊಡ್ಡ ಲಾರಿಯನ್ನು ತಂದು ನಿಲ್ಲಿಸಿದ.

"ಯೂರಿಯಾ ದೀಪ ಹತ್ತೇತಿ. ಆರವಲ್ದು."

ಈಗಿನ ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ನೀಲಿ ಮುಚ್ಚಳದ ಇನ್ನೊಂದು ಸಣ್ಣ ಟ್ಯಾಂಕು ಇರುತ್ತದೆ. ಹೊಗೆಯನ್ನು ಶುದ್ಧ ಮಾಡುವ, ನೀರಿನಂಥ ದ್ರವ ಅದರಲ್ಲಿ. ಡ್ರೈವರುಗಳ ಬಾಯಲ್ಲಿ ಅದು ಯೂರಿಯಾ. ಅದು ಕಡಿಮೆಯಾದರೆ ಸ್ಟೀರಿಂಗಿನ ಹಿಂದೆ ಹಳದಿ ದೀಪ ಹತ್ತುತ್ತದೆ. ಹಾಗೇ ಬಿಟ್ಟರೆ ಎಂಜಿನ್ ಬಲ ಕಳೆದುಕೊಂಡು, ಲಾರಿ ಎತ್ತಿನ ಬಂಡಿಯ ನಡಿಗೆಗೆ ಇಳಿಯುತ್ತದೆ.

"ಕಡಿಮಿ ಆಗೇತಿ, ಹಾಕಿಸು. ಅದಕ್ಕ ಗ್ಯಾರೇಜ್ ಯಾಕ ಬೇಕು?" ಎಂದ ಕಳಕಪ್ಪ.

"ಈಗ ಬಂಕಿನ್ಯಾಗ ತುಂಬಿಸ್ಕೊಂಡೇ ಬಂದೇನಿ. ಮುಚ್ಚಳ ತಗದು ನೋಡು."

ಕಳಕಪ್ಪ ತೆಗೆದು ನೋಡಿದ. ಟ್ಯಾಂಕು ಕಂಠದವರೆಗೆ ತುಂಬಿತ್ತು.

"ಇದು ನನ್ನ ಪಾಲಿಂದು," ಎಂದು ಅವನು ಖುಷಿಯಿಂದ ತೋಳು ಮಡಚಿದ.

"ಒಂದು ಚೂರು ತಡಿ," ಎಂದ ದ್ಯಾಮಣ್ಣ. ಲಾರಿಯೊಳಗಿನ ಪುಟ್ಟ ಮಂಟಪದಿಂದ ಹುಲಿಗೆಮ್ಮನ ಪಟವನ್ನು ಎತ್ತಿಕೊಂಡು ಇಳಿದ. ಹೊಳೆಯ ಹತ್ತಿರದ ಬಂಡೆಯ ಮೇಲೆ ಅದನ್ನು ಇಟ್ಟು, ಮುಂದೆ ಒಂದು ಪಣತಿ ಹಚ್ಚಿ, ಅಲ್ಲಿಂದಲೇ ಕೈ ಬೀಸಿದ.

"ಹೂಂ, ಇನ್ನ ಮಾಡು. ಕೀಲಿ ಗಾಡ್ಯಾಗ ಐತಿ."

ಗ್ರೀಸಿನ ಕೈ ದೇವಿಗೆ ತಾಗಬಾರದೆಂದು ಇರಬೇಕು ಅಂದುಕೊಂಡ ಕಳಕಪ್ಪ. ಕೀಲಿ ತಿರುಗಿಸಿ ಹೊರಗೆ ತೆಗೆದ. ಲಾರಿಯ ಕೆಳಗೆ ತೂರಿ ಟ್ಯಾಂಕಿನ ವೈರುಗಳನ್ನು ಬಿಚ್ಚಿದ. ವೈರು ಕೂಡುವ ಕಡೆ ಸುಣ್ಣದಂಥ ಬಿಳಿ ಪುಡಿ ಕಟ್ಟಿತ್ತು. ತೊಳೆದು, ಒಣಗಿಸಿ, ಮತ್ತೆ ಕೂಡಿಸಿದ. ಕೀಲಿ ಹಾಕಿ ತಿರುಗಿಸಿದ.

ಹಳದಿ ದೀಪ ಇರಲಿಲ್ಲ. ಯೂರಿಯಾದ ಮಟ್ಟ ತೋರಿಸುವ ಮುಳ್ಳು ಪೂರ್ತಿ ಮೇಲಕ್ಕೆ ಹೋಗಿ ನಿಂತಿತ್ತು.

ಕಳಕಪ್ಪ ಕೈ ಒರೆಸಿಕೊಳ್ಳುತ್ತ ಗುರುವಿನ ಮುಂದೆ ಬಂದು ನಿಂತ.

"ಆತು ಮಾಸ್ತರ."

"ಏನು ಮಾಡಿದಿ?"

"ವೈರಿನ ಕೊಂಡಿ ತೊಳದೆ."

"ಅದಕ್ಕೂ ಮೊದಲು?"

"ಬಿಚ್ಚಿದೆ."

"ಅದಕ್ಕೂ ಮೊದಲು?"

ಕಳಕಪ್ಪ ಯೋಚಿಸಿದ. "ಏನೂ ಇಲ್ರಿ. ಅದ ಮೊದಲು."

ಮಾಸ್ತರು ನಕ್ಕು, ಮತ್ತೊಂದು ಲಾರಿಯ ಚಕ್ರದ ಕಡೆ ತಿರುಗಿದರು.

ಮುಂದಿನ ಸುತ್ತಿನಲ್ಲಿ ದ್ಯಾಮಣ್ಣ ಮತ್ತೆ ಬಂದ. ಲಾರಿಯಲ್ಲಿ ಮತ್ತೆ ಉಕ್ಕಿನ ಸುರುಳಿ, ಟ್ಯಾಂಕಿನಲ್ಲಿ ಕಂಠದವರೆಗೆ ಯೂರಿಯಾ, ಸ್ಟೀರಿಂಗಿನ ಹಿಂದೆ ಹಳದಿ ದೀಪ.

"ನಿನ್ನ ಕೈಗುಣ ಬಾಳ ಛಲೋ ಐತಿ," ಎಂದ ದ್ಯಾಮಣ್ಣ. "ಒಂದೇ ಸುತ್ತು ಬಾಳಿಕೆ ಬಂತು."

ಕಳಕಪ್ಪನಿಗೆ ಮುಖ ಕೆಂಪಾಯಿತು. ಟ್ಯಾಂಕಿನೊಳಗೆ ಮಟ್ಟ ಅಳೆಯುವ ಸೆನ್ಸರನ್ನೇ ಹೊರಗೆಳೆದ. ಅದು ಚೆನ್ನಾಗಿಯೇ ಕಂಡಿತು. ಆದರೂ ಹೊಸದನ್ನು ತರಿಸಿ ಹಾಕಿದ. ಅಷ್ಟು ಹೊತ್ತೂ ದ್ಯಾಮಣ್ಣ ಬಂಡೆಯ ಹತ್ತಿರ ಪಣತಿಗೆ ಗಾಳಿ ತಾಗದಂತೆ ಟವೆಲ್ಲು ಹಿಡಿದು ಕೂತಿದ್ದ.

ಕೀಲಿ ಹಾಕಿದಾಗ ಹಳದಿ ದೀಪ ಮಾಯ.

ಅಷ್ಟರಲ್ಲಿ ಫೋನು ಬಂತು. ಲಾರಿಯ ಮಾಲಕಿ ನೀಲಗಂಗಮ್ಮ. ಗಂಡ ತೀರಿದ ಮೇಲೆ ಲಾರಿಗಳನ್ನು ತಾನೇ ನಡೆಸುತ್ತಿದ್ದ ಹೆಂಗಸು. ಡ್ರೈವರುಗಳಿಗೆಲ್ಲ ಅವರು ಅಕ್ಕಾರು.

"ಏನಪಾ, ಗಾಡ್ಯಾಗ ಏನರ ದೋಷ ಐತೇನು?"

"ಇತ್ರಿ ಅಕ್ಕಾರ. ನಾನು ಕೈ ಹಾಕಿದ ಮ್ಯಾಲ ಇಲ್ಲ. ಇನ್ನ ಗಾಡ್ಯಾಗ ಯಾವ ದೋಷಾನೂ ಇಲ್ಲ, ಬರೆದಿಟ್ಕೋರಿ."

ಫೋನು ಕೆಳಗಿಟ್ಟಾಗ ಮಾಸ್ತರು ಅವನನ್ನೇ ನೋಡುತ್ತಿದ್ದರು.

"ಏನು ಮಾಡಿದಿ?"

"ಸೆನ್ಸರ್ ಬದಲಿ ಮಾಡಿದೆ."

"ಅದಕ್ಕೂ ಮೊದಲು?"

"ಮಾಸ್ತರ, ನೀವು ಹಿಂಗ ಕೇಳ್ತಾ ಹೋದ್ರ ನಾನು ಹುಟ್ಟಿದ್ದನ್ನೂ ಹೇಳಬೇಕಾಗ್ತೈತಿ."

"ಅಷ್ಟು ಹಿಂದಕ್ಕ ಬ್ಯಾಡ," ಎಂದರು ಮಾಸ್ತರು.

ಮೂರನೆಯ ಸಲ ಅದೇ ಹಳದಿ ದೀಪ ಹೊತ್ತು ದ್ಯಾಮಣ್ಣ ಬಂದಾಗ ತಮಾಷೆ ಮಾಡಲಿಲ್ಲ. ಪಟ ತೆಗೆದುಕೊಂಡು ಸುಮ್ಮನೆ ಇಳಿದ.

"ಏನಾತು?" ಎಂದ ಕಳಕಪ್ಪ.

"ಅಕ್ಕಾರು ಬರಾಕತ್ತಾರ. ಇನ್ನೊಬ್ಬ ಡ್ರೈವರನ್ನ ಕರ್ಕೊಂಡು."

"ಯಾಕ?"

"ನನ್ನ ಕೈಲಿಂದ ಕೀಲಿ ಇಸ್ಕೊಳ್ಳಾಕ. ನಾನು ಯೂರಿಯಾ ಹಾದ್ಯಾಗ ಮಾರ್ಕೋತೀನಿ, ಖೊಟ್ಟಿ ಬಿಲ್ ತರ್ತೀನಿ ಅಂತ ಅವರ ತಿಳುವಳಿಕಿ. ತಪ್ಪೇನಿಲ್ಲ ಬಿಡು. ಹಾದ್ಯಾಗ ಇದ್ದಾಗ ಗಾಡಿ ಅವರ ಫೋನಿಗೆ 'ಕಡಿಮಿ, ಕಡಿಮಿ' ಅಂತ ಹೇಳ್ತೈತಿ. ಲೋಡ್ ಇಳಿಸಿದ ಮ್ಯಾಲ 'ತುಂಬೇತಿ' ಅಂತೈತಿ. ಕಳ್ಳ ಅಲ್ದ ಇನ್ನೇನು?"

"ಗಾಡಿದು ದೋಷ ಅಂತ ಹೇಳಬೇಕಿಲ್ಲೋ?"

"ಹೇಳಿದೆ. ಗ್ಯಾರೇಜಿನ್ಯಾಂವ ದೋಷ ಇಲ್ಲ ಅಂದಾನ ಅಂದ್ರು. ಗಾಡಿದು ಇಲ್ಲ ಅಂದ್ರ ಇನ್ಯಾರದು?"

ಅವನು ಬಂಡೆಯ ಕಡೆ ನಡೆದ. ಕಳಕಪ್ಪ ಮಾಸ್ತರ ಹತ್ತಿರ ಓಡಿದ.

"ಮಾಸ್ತರ, ನನ್ನ ಮಾತಿನಿಂದ ಒಬ್ಬನ ಕೆಲಸ ಹೊಂಟೈತಿ. ಈ ಸಲ ನೀವ ನೋಡ್ರಿ."

ಮಾಸ್ತರು ಲಾರಿ ಹತ್ತಿದರು. ಕೀಲಿ ಹಿಂದಕ್ಕೆ ತಿರುಗಿಸಿ ಹೊರಗೆ ತೆಗೆದರು. ಕೆಳಗಿಳಿದು ಸ್ಟೂಲಿನ ಮೇಲೆ ಕೂತರು. ಚಾ ಬಂತು, ಕುಡಿದರು.

"ಅಕ್ಕಾರು ಬಂದ್ಬಿಡ್ತಾರ್ರಿ," ಎಂದ ಕಳಕಪ್ಪ.

"ಬರ್ಲಿ. ಹಾದಿ ಸರಿ ಐತಿ."

ಲೋಟ ಖಾಲಿಯಾದ ಮೇಲೆ ಮಾಸ್ತರು ಎದ್ದು ಹೋಗಿ ಕೀಲಿ ಹಾಕಿದರು. ಸ್ವಲ್ಪ ಕಾದು, "ಹತ್ತಿ ನೋಡು," ಎಂದರು.

ಕಳಕಪ್ಪ ನೋಡಿದ. ಹಳದಿ ದೀಪ ಇರಲಿಲ್ಲ. ಮುಳ್ಳು ಪೂರ್ತಿ ಮೇಲೆ.

ಅವನು ಮುಳ್ಳಿನ ಗಾಜನ್ನು ಬೆರಳಿನಿಂದ ತಟ್ಟಿ ನೋಡಿ ಇಳಿದ.

"ಮಾಸ್ತರ, ಹಂಗಾದ್ರ ನಾನು ಎರಡು ಸಲ ಮಾಡಿದ ರಿಪೇರಿ?"

"ಎರಡು ಸಲಾನೂ ಕೀಲಿ ತಗದಿದ್ದಿ. ಉಳಿದದ್ದು ವ್ಯಾಯಾಮ."

ಕಳಕಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡ. ಆಮೇಲೆ ನಗು ಬಂತು.

"ಈ ಜಾತಿ ಗಾಡಿ ಯೂರಿಯಾ ಇಳಿಯೋದನ್ನ ಗಳಿಗೆಗೊಮ್ಮೆ ನೋಡ್ತೈತಿ," ಎಂದರು ಮಾಸ್ತರು. "ಏರಿದ್ದನ್ನ ಮಾತ್ರ ಕೀಲಿ ತಗದು ಹಾಕಿದ ಮ್ಯಾಲನ ನೋಡೋದು."

"ಅಂದ್ರ ಈಗ ಸರಿ ಆತು."

"ಆತೇನು? ಎಲ್ಲಾ ಡ್ರೈವರೂ ಬಂಕಿನ್ಯಾಗ ಕೀಲಿ ತಗೀತಾರ. ಅವರ ದೀಪ ಆರ್ತೈತಿ. ಇವಂದ ಯಾಕ ಆರವಲ್ದು?"

"ಯಾಕ್ರಿ?"

"ನನ್ನ ಯಾಕ ಕೇಳ್ತಿ? ನಾನೇನು ಅವನ ಗಾಡಿ ಓಡಸ್ತೀನೇನು?"

ಕಳಕಪ್ಪ ಹೊಳೆಯ ಕಡೆ ಇಳಿದ. ದ್ಯಾಮಣ್ಣ ಪಣತಿಗೆ ಎಣ್ಣೆ ಹಾಕುತ್ತಿದ್ದ.

"ದ್ಯಾಮಣ್ಣ, ಬಂಕಿನ್ಯಾಗ ಯೂರಿಯಾ ಹಾಕಿಸುವಾಗ ಕೀಲಿ ತಗೀತಿಯೇನು?"

"ಎಂಜಿನ್ ನಿಲ್ಲಸ್ತೀನಿ. ಅದಕ್ಕ ಬ್ಯಾರೆ ಗುಂಡಿ ಐತಿ."

"ನಾನು ಕೀಲಿ ಕೇಳಿದೆ."

ದ್ಯಾಮಣ್ಣ ಹೊಳೆಯ ನೀರು ನೋಡಿದ.

"ತಗಿಯಂಗಿಲ್ಲ."

"ಯಾಕ?"

"ನಗಬಾರದು ಮತ್ತ."

"ನಗಂಗಿಲ್ಲ, ಹೇಳು."

"ಮೊದಲನೇ ಸಲ ಲೋಡ್ ಹೊತ್ಕೊಂಡು ಹೊಂಟಾಗ ಅವ್ವ ಹೇಳಿದ್ಲು. ತುಂಬಿದ ಗಾಡಿ ಅಂದ್ರ ತುಂಬಿದ ಬಸುರಿ ಇದ್ದಂಗ, ತಮ್ಮಾ. ಹಗುರಾಗೋತನಕ ತಾಯಿ ಮುಂದಿನ ದೀಪ ಆರಿಸಬ್ಯಾಡ ಅಂದ್ಲು. ಗಾಡ್ಯಾಗ ಹುಲಿಗೆಮ್ಮನ ಮುಂದ ಸಣ್ಣ ಕೆಂಪು ಬಲ್ಬ್ ಐತಲ್ಲ, ಅದನ್ನ ಕೀಲಿ ವೈರಿಗೆ ಕಟ್ಟೇನಿ. ಕೀಲಿ ತಗದ್ರ ಅದು ಆರ್ತೈತಿ."

"ರಾತ್ರಿ ಮಲಗಿದಾಗ?"

"ಕೀಲಿ ಹಾಕೇ ಇರ್ತೈತಿ."

"ಬ್ಯಾಟರಿ ಇಳಿದು ಹೋದ್ರ?"

"ಇಷ್ಟು ದಿನ ಇಳಿದಿಲ್ಲ. ದೇವಿ ನೋಡ್ಕೋತಾಳ."

"ಇಲ್ಲಿ ನಾವು ಕೀಲಿ ತಗೀತೀವಿ ಅಂತ ಪಣತಿ ಹಚ್ಚೀದಿ. ಬಂಕಿನ್ಯಾಗೂ ಹಚ್ಚಬೇಕಿಲ್ಲೋ?"

"ಪೆಟ್ರೋಲ್ ಬಂಕಿನ್ಯಾಗ ಪಣತಿ? ನಾನು, ಗಾಡಿ, ಬಂಕು ಎಲ್ಲಾರೂ ಕೂಡಿ ದೇವಿ ಹತ್ರನ ಹೋಗಿ ಕೂಡ್ತೀವಿ."

ನಗುವುದಿಲ್ಲ ಎಂದು ಮಾತು ಕೊಟ್ಟಿದ್ದ ಕಳಕಪ್ಪ ನಕ್ಕುಬಿಟ್ಟ. ದ್ಯಾಮಣ್ಣನೂ ನಕ್ಕ. ಪಣತಿಯ ಜ್ವಾಲೆ ಬಾಗಿತು. ಇಬ್ಬರೂ ಒಟ್ಟಿಗೇ ಕೈ ಅಡ್ಡ ಹಿಡಿದರು.

ಕಳಕಪ್ಪ ಕೀಲಿಯ ಸಂಗತಿ ವಿವರಿಸಿದ. ದ್ಯಾಮಣ್ಣ ಬಾಯಿ ತೆರೆದು ಕೇಳಿದ.

"ಅಂದ್ರ ನನ್ನ ದೀಪದಿಂದ ಆ ದೀಪ?"

"ಹೌದು. ಬಂಕಿನ್ಯಾಗ ಒಂದು ಗಳಿಗೆ ಕೀಲಿ ತಗದುಬಿಡು. ಕೆಂಪು ಬಲ್ಬ್ ಆರಿ ಮತ್ತ ಹತ್ತಿದ್ರ ಏನಾಗ್ತೈತಿ? ಕೆಲಸ ಉಳೀತೈತಿ."

ದ್ಯಾಮಣ್ಣ ತಲೆ ಅಲ್ಲಾಡಿಸಿದ.

"ಅವ್ವ ಇದ್ದಿದ್ರ ಕೇಳ್ಕೊಂಡು ಬರಬಹುದಿತ್ತು. ಈಗ ಯಾರನ್ನ ಕೇಳ್ಲಿ?"

"ಹಂಗಾದ್ರ ಅಕ್ಕಾರಿಗೆ ಇದನ್ನ ಹೇಳು. ದೇವರ ಸಂಗತಿ, ತಿಳ್ಕೋತಾರ."

"ಕಳ್ಳ ಅಂದವರ ಮುಂದ ದೇವರ ಹೆಸರು ತಗಿಬಾರದು. ಎಲ್ಲಾ ಕಳ್ಳರೂ ಅದನ್ನ ಮಾಡ್ತಾರ. ಕೀಲಿ ಕೇಳಿದ್ರ ಕೊಟ್ಟು ಹೋಗ್ತೀನಿ. ಇದನ್ನ ಬಿಡಂಗಿಲ್ಲ."

ಕಳಕಪ್ಪ ಮೇಲೆ ಬಂದ.

"ಮಾಸ್ತರ, ರೋಗ ಸಿಕ್ತು, ಔಷಧ ಸಿಗವಲ್ದು. ಆ ದೀಪ ಆರಿಸಂಗಿಲ್ಲ ಅಂತಾನ. ಅದು ಆರದ ಈ ದೀಪ ಆರಂಗಿಲ್ಲ. ದೇವಿನ್ನ ಬಿಡಬೇಕು, ಇಲ್ಲಾ ಗಾಡಿ ಬಿಡಬೇಕು."

"ದೇವಿಗೆ ಎಂಜಿನ್ ಬೇಕಂತೇನು?"

"ಇಲ್ರಿ. ಬರೀ ದೀಪ."

"ದೀಪಕ್ಕ ಏನು ಬೇಕು?"

"ಕರೆಂಟು."

"ಅದು ಕೀಲ್ಯಾಗ ಐತೇನು?"

ಕಳಕಪ್ಪ ವೈರಿನ ಸುರುಳಿ ಹುಡುಕುತ್ತ ಓಡಿದ.

ಮಂಟಪದ ಕೆಂಪು ಬಲ್ಬನ್ನು ಕೀಲಿಯ ವೈರಿನಿಂದ ಬಿಡಿಸಿದ. ಹೊಸ ವೈರನ್ನು ನೇರ ಬ್ಯಾಟರಿಗೆ ಎಳೆದ. ನಡುವೆ ಒಂದು ಪುಟ್ಟ ಫ್ಯೂಸ್ ಕೂಡಿಸಿದ. ಬಲ್ಬು ಹತ್ತಿತು. ಕೀಲಿ ತೆಗೆದ. ಬಲ್ಬು ಉರಿಯುತ್ತಲೇ ಇತ್ತು.

ದ್ಯಾಮಣ್ಣ ಪಟವನ್ನು ಎದೆಗೆ ಹಿಡಿದುಕೊಂಡು ಬಂದು ಮಂಟಪದಲ್ಲಿ ಇಟ್ಟ. ಕೀಲಿ ಹಾಕಿದ, ತೆಗೆದ. ಮತ್ತೆ ಹಾಕಿದ, ಮತ್ತೆ ತೆಗೆದ.

"ಸಾಕು ಬಿಡೋ, ಕೀಲಿ ಸವೀತೈತಿ," ಎಂದ ಕಳಕಪ್ಪ.

ಆಗ ಕಾರು ಬಂತು. ನೀಲಗಂಗಮ್ಮ ಇಳಿದರು. ಒಂದು ಕೈಯಲ್ಲಿ ಫೋನು, ಹಿಂದೆ ಅಪರಿಚಿತ ಡ್ರೈವರು. ಅವನು ಮುಜುಗರದಿಂದ ಕಾರಿನ ಬಾಗಿಲು ಹಿಡಿದೇ ನಿಂತ.

"ನಮಸ್ಕಾರ ಮಾಸ್ತರ," ಎಂದರು ನೀಲಗಂಗಮ್ಮ. ಆಮೇಲೆ ದ್ಯಾಮಣ್ಣನ ಕಡೆ ಕೈ ಚಾಚಿದರು. "ಕೀಲಿ."

ದ್ಯಾಮಣ್ಣ ಕೀಲಿ ಕೊಟ್ಟ.

ಕಳಕಪ್ಪ ಮುಂದೆ ಬಂದ.

"ಅಕ್ಕಾರ, ಗಾಡ್ಯಾಗ ದೋಷ ಇಲ್ಲ ಅಂತ ನಾನು ಫೋನಿನ್ಯಾಗ ಹೇಳಿದ್ದೆ. ದೋಷ ನನಗ ಸಿಕ್ಕಿಲ್ಲ ಅಂತ ಹೇಳಬೇಕಿತ್ತು."

"ಈಗ ಸಿಕ್ತೇನು?"

"ಸಿಕ್ತು. ಆದ್ರ ಹೇಳಿದ್ರ ನೀವು ನಂಬಂಗಿಲ್ಲ."

"ನಾನು ಯಾರ ಮಾತನ್ನೂ ನಂಬಂಗಿಲ್ಲಪಾ. ಅದಕ್ಕ ಫೋನಿನ್ಯಾಗ ನೋಡ್ತೀನಿ."

ಮಾಸ್ತರು ಎದ್ದರು.

"ಕಳಕಪ್ಪ, ಅವರ ಕೈಲಿಂದ ಕೀಲಿ ಇಸ್ಕೊಂಡು ಹಾಕು. ಎಂಜಿನ್ ಬ್ಯಾಡ. ತೊಳೆದ ಕ್ಯಾನ್ ತಗೊಂಡು ಯೂರಿಯಾ ಹೊರಗ ತಗಿ."

ಕಳಕಪ್ಪ ಟ್ಯಾಂಕಿಗೆ ನಳಿಕೆ ಇಳಿಬಿಟ್ಟು ಕ್ಯಾನುಗಳನ್ನು ತುಂಬಿಸಿದ. ಮುಳ್ಳು ಇಳಿಯುತ್ತ ಇಳಿಯುತ್ತ ತಳಕ್ಕೆ ಬಂತು. ಹಳದಿ ದೀಪ ಹತ್ತಿತು. ನೀಲಗಂಗಮ್ಮನ ಫೋನು ಗುಂಯ್ ಎಂದಿತು.

"ನೋಡ್ರಿ, ಕಡಿಮಿ ಅಂತು," ಎಂದರು ಅವರು.

"ಈಗ ತುಂಬಬೇಕು," ಎಂದರು ಮಾಸ್ತರು. "ದ್ಯಾಮಣ್ಣ ಬ್ಯಾಡ. ಕಳಕಪ್ಪನೂ ಬ್ಯಾಡ. ನೀವ ತುಂಬ್ರಿ ತಾಯಿ."

ನೀಲಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಕಳಕಪ್ಪ ಆಲಿಕೆ ಹಿಡಿದ. ಅವರು ಒಂದು ಹನಿ ಚೆಲ್ಲದ ಹಾಗೆ ಎಲ್ಲ ಕ್ಯಾನುಗಳನ್ನೂ ಟ್ಯಾಂಕಿಗೆ ಸುರಿದರು. ಬಗ್ಗಿ ಒಳಗೆ ನೋಡಿದರು. ಕಂಠದವರೆಗೆ ತುಂಬಿತ್ತು.

"ತುಂಬ್ತು. ನನ್ನ ಕೈಯಾರ ತುಂಬೇನಿ," ಎಂದು ಲಾರಿಯ ಮೆಟ್ಟಿಲು ಹತ್ತಿ ಒಳಗೆ ಇಣುಕಿದರು.

ಹಳದಿ ದೀಪ ಉರಿಯುತ್ತಿತ್ತು. ಮುಳ್ಳು ತಳದಲ್ಲೇ ಇತ್ತು.

ಅವರು ಫೋನು ನೋಡಿದರು. ಕಾದರು. ಮತ್ತೆ ನೋಡಿದರು. ಫೋನೂ ಕಡಿಮೆ ಎಂದೇ ಹೇಳುತ್ತಿತ್ತು.

"ಅಕ್ಕಾರ," ಎಂದ ಕಳಕಪ್ಪ ಮೆಲ್ಲಗೆ, "ಯೂರಿಯಾ ಯಾರಿಗೆ ಮಾರಿದ್ರಿ?"

ಕಾರಿನ ಹತ್ತಿರ ನಿಂತಿದ್ದ ಹೊಸ ಡ್ರೈವರು ಕೆಮ್ಮಿ ಮುಖ ತಿರುಗಿಸಿಕೊಂಡ. ದ್ಯಾಮಣ್ಣ ನೆಲ ನೋಡಿದ.

ನೀಲಗಂಗಮ್ಮ ಮೊದಲು ಕಳಕಪ್ಪನನ್ನು ದುರುಗುಟ್ಟಿ ನೋಡಿದರು. ಆಮೇಲೆ ತಮ್ಮ ಒದ್ದೆ ಕೈಯನ್ನು ನೋಡಿಕೊಂಡರು.

"ಬಿಲ್ ಕೇಳಬ್ಯಾಡಪಾ," ಎಂದರು. "ನನ್ನ ಹತ್ರ ಅದೂ ಇಲ್ಲ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಕೊನೆಗೆ ನಕ್ಕವನು ದ್ಯಾಮಣ್ಣ.

ಮಾಸ್ತರು ಕೀಲಿ ತೆಗೆಸಿದರು. ಸ್ವಲ್ಪ ಹೊತ್ತು ಕಾಯಿಸಿದರು. ಆ ಹೊತ್ತಿನಲ್ಲಿ ಕಳಕಪ್ಪ ಬಂಕಿನ ಸಂಗತಿ, ಕೆಂಪು ಬಲ್ಬಿನ ಸಂಗತಿ ಎಲ್ಲ ಹೇಳಿದ. ತುಂಬಿದ ಬಸುರಿಯ ಮಾತು ಬಂದಾಗ ನೀಲಗಂಗಮ್ಮ ದ್ಯಾಮಣ್ಣನ ಕಡೆ ತಿರುಗಿದರು.

"ನನಗ ಯಾಕ ಹೇಳಲಿಲ್ಲ?"

"ನೀವು ಯೂರಿಯಾ ಕೇಳಿದ್ರಿ ಅಕ್ಕಾರ. ದೀಪ ಕೇಳಲಿಲ್ಲ."

ಕೀಲಿ ಹಾಕಿದರು. ಮುಳ್ಳು ಮೇಲೇರಿತು. ಹಳದಿ ದೀಪ ಆರಿತು. ಕೆಂಪು ದೀಪ ಹುಲಿಗೆಮ್ಮನ ಮುಂದೆ ಉರಿಯುತ್ತಿತ್ತು. ಫೋನು ಗುಂಯ್ ಎಂದಿತು. ಈ ಸಲ ತುಂಬಿದೆ ಎಂದು.

ನೀಲಗಂಗಮ್ಮ ಕೀಲಿಯನ್ನು ದ್ಯಾಮಣ್ಣನ ಅಂಗೈಯಲ್ಲಿ ಇಟ್ಟರು. ಇಟ್ಟ ಮೇಲೂ ಅವರ ಮುಖದ ಗಂಟು ಪೂರ್ತಿ ಸಡಿಲಾಗಲಿಲ್ಲ.

"ಮಾಸ್ತರ, ಇದೊಂದು ತಿಳೀತು. ನಾಳೆ ಇನ್ನೊಂದು ದೀಪ ಹತ್ತೀತು. ಇಳಿದದ್ದನ್ನ ಈ ಫೋನು ಗಳಿಗೆಗೊಮ್ಮೆ ಒದರ್ತೈತಿ, ತುಂಬಿದ್ದನ್ನ ಹೇಳಂಗಿಲ್ಲ. ಅಷ್ಟು ದೂರ ಕುಂತು ಇಂವ ಎಂಥಾಂವ ಅಂತ ನಾನು ಹೆಂಗ ತಿಳ್ಕೋಬೇಕು?"

ಮಾಸ್ತರು ಉತ್ತರಕ್ಕೆ ಎಂಬಂತೆ ಶಿಷ್ಯನ ಮುಖ ನೋಡಿದರು. ಕಳಕಪ್ಪ ಬಾಯಿ ತೆರೆದವನು, ಮುಚ್ಚಿಕೊಂಡ.

"ನನಗ ಗೊತ್ತಿಲ್ರಿ," ಎಂದ.

ಮಾಸ್ತರ ಕಣ್ಣು ಹೊಳೆಯಿತು. ಅವರು ಹೋಗಿ ಲಾರಿಯ ಇನ್ನೊಂದು ಬಾಗಿಲು ತೆರೆದು, ಅಲ್ಲಿದ್ದ ಹಳೆಯ ಟವೆಲ್ಲನ್ನು ಕೊಡವಿ ಸೀಟು ಒರೆಸಿದರು.

"ಕಾರನ್ನ ಆ ಡ್ರೈವರ್ ಮನಿಗೆ ಒಯ್ಯಲಿ. ಇಲ್ಲಿ ಎಡಗಡೆ ಸೀಟು ಖಾಲಿ ಐತಿ, ತಾಯಿ."